ಟಾರ್ಪಾಲಣ್ಣ ಮುಚ್ಚದೆ ಬಿಟ್ಟ ಸೂರು

ಟಾರ್ಪಾಲಣ್ಣ ತೀರಿಕೊಂಡ. ಕಳೆದ ಭಾನುವಾರ ಮಧ್ಯಾಹ್ನ, ತನ್ನ ಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕನ ಮಂಚದ ಮೇಲೆ ಕೂತಿದ್ದಾಗ. ಸೂರಿನಿಂದ ಬಿದ್ದು ಸತ್ತನೆಂದು ಬೀದಿಯಲ್ಲಿ ಹಬ್ಬಿರುವ ಮಾತು ಸುಳ್ಳು. ಅವನು ಏಣಿಯಿಂದ ತಾನಾಗಿಯೇ, ನೆಟ್ಟಗೆ ಇಳಿದು ಬಂದ. ನಾನು ಅಲ್ಲೇ ಇದ್ದೆ. ಬಿದ್ದ ಎಂದರೆ ಅದು ಅವನ ಎಚ್ಚರಗೇಡಿತನವಾಗುತ್ತದೆ. ಅವನ ತಲೆಗೆ ತಪ್ಪು ಕಟ್ಟುವ ಕೆಲಸವನ್ನು ವಿಮಾ ಕಂಪನಿ ಚೆನ್ನಾಗಿಯೇ ಮಾಡಿ ಮುಗಿಸಿದೆ. ಬೀದಿಯವರು ಕೈ ಜೋಡಿಸುವುದು ಬೇಡ.

ಹೃದಯ ನಿಂತಿತು ಎಂದರು ಡಾಕ್ಟರು. ನನ್ನ ಮುಖ ನೋಡಿ, ಸಮಾಧಾನಕ್ಕೆ, "ವಯಸ್ಸಾಗಿತ್ತಲ್ಲ, ಸವೆದಿತ್ತು" ಎಂದು ಸೇರಿಸಿದರು. ಒಳ್ಳೆಯ ಮನುಷ್ಯ, ಅವರಿಗೇನು ಗೊತ್ತು. ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಮನೆಯ ಸೂರಿನ ಬಗ್ಗೆ ಕಂಪನಿ ಬರೆದದ್ದೂ ಅದೇ ಮಾತು.

ಅವನು ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ. ನನ್ನದು ಪಕ್ಕದಲ್ಲೇ ಹಳೆ ಪುಸ್ತಕದ ಅಂಗಡಿ, ನಡುವೆ ಒಂದು ಹಲಗೆಯ ಗೋಡೆ. ಅವನ ಮಿಷನ್ ಓಡಿದರೆ ನನ್ನ ಕಪಾಟಿನ ಪುಸ್ತಕಗಳು ನಡುಗುತ್ತಿದ್ದವು. ಟಾರ್ಪಾಲಣ್ಣ ಎಂದು ಹೆಸರಿಟ್ಟವರು ಡ್ರೈವರುಗಳು. ನನಗಿಂತ ಚಿಕ್ಕವನಾದರೂ ನಾನೂ ಹಾಗೇ ಕರೆಯುತ್ತಿದ್ದೆ. ಅವನಿಗೆ ನಾನು ಬರೀ ಪುಸ್ತಕ. "ಏ ಪುಸ್ತಕ, ಇವತ್ತೇನು ಓದಿದೆ? ಒಂದೇ ಮಾತಲ್ಲಿ ಹೇಳು, ನನಗೆ ಕೆಲಸ ಇದೆ."

ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಷ್ಟು ದೊಡ್ಡ ಮೀಸೆಯ ಡ್ರೈವರಾದರೂ ಅವನ ಅಂಗಡಿಯ ಮೆಟ್ಟಿಲು ಹತ್ತುವಾಗ ಸ್ವಲ್ಪ ಕುಗ್ಗುತ್ತಿದ್ದ. ಒಮ್ಮೆ ಒಬ್ಬ, ಹರಿದ ಕಡೆ ಅಂಟು ಮೆತ್ತಿದ ಟಾರ್ಪಾಲನ್ನು ತಂದ.

"ಇದನ್ನ ಯಾರು ಮಾಡಿದ್ದು?"

"ನಾನೇ ಅಣ್ಣ. ಅಲ್ಲೀವರೆಗೂ ತಡೀಲಿ ಅಂತ..."

"ಹಲ್ಲು ನೋವು ಬಂದ್ರೆ ಹಲ್ಲಿಗೂ ಅಂಟು ಹಾಕ್ಕೊಂಡು ಡಾಕ್ಟರ ಹತ್ರ ಹೋಗ್ತೀಯಾ? ಹರಿದಿದ್ದನ್ನ ಹರಿದ ಹಾಗೇ ತಂದು ತೋರಿಸಿ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಎಲ್ಲಿಂದ ಹರಿಯೋಕೆ ಶುರುವಾಯ್ತು ಅಂತ ಈಗ ನಾನು ಏನು ಕನಸು ಕಾಣ್ಲಾ?"

ಅದು ಅವನ ಕಸುಬಿನ ಕಟ್ಟಳೆ. ಇನ್ನೊಂದೂ ಇತ್ತು. ಹೊಲಿದು ಮುಗಿದ ಟಾರ್ಪಾಲನ್ನು ಲಾರಿಗೆ ಬಿಗಿದು, ಮೇಲಿನಿಂದ ಪೈಪಿನಲ್ಲಿ ನೀರು ಬಿಡಿಸಿ, ತಾನು ಒಳಗೆ ಕತ್ತಲಲ್ಲಿ ಕೂರುತ್ತಿದ್ದ. "ನಾನು ನೆನೆದ್ರೆ ಕೂಲಿ ಕೊಡಬೇಡ" ಎನ್ನುತ್ತಿದ್ದ. ಎಲ್ಲರೂ ಕೂಲಿ ಕೊಟ್ಟೇ ಹೋದರು.

ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಆಸ್ಪತ್ರೆಯ ಬಟ್ಟೆ ಒಗೆದು ಅವನನ್ನು ಸಾಕಿದವಳು. ಬಟ್ಟೆ ಬೇಯಿಸುವ ಸೋಡಾದ ಹಬೆ ಕುಡಿದು ಕುಡಿದು ಅವಳಿಗೆ ಉಬ್ಬಸ ಹತ್ತಿತ್ತು. ಹಿಂದಿನ ಕೋಣೆಯಲ್ಲಿ ಬೆಳಗಿನ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತದೆಂದೇ ಅವನು ಆ ಮನೆ ಕೊಂಡದ್ದು. ಅವನು ಬೀದಿಯಲ್ಲಿ ಕೂಗಾಡಿದಾಗಲೆಲ್ಲ ಕಿಟಕಿಯಿಂದ ಅವಳ ದನಿ ಬರುತ್ತಿತ್ತು: "ಲೋ, ಮೊದಲು ನಿನ್ನ ಬಾಯಿಗೊಂದು ಟಾರ್ಪಾಲು ಹೊಲಿಯೋ!" ಭಾನುವಾರ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ನೆನೆದಿದ್ನಾ?" ಇಲ್ಲ ಅಕ್ಕ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಮಳೆಗಾಲದ ಮೊದಲ ಬಿರುಗಾಳಿ ಆ ಹಿಂದಿನ ಕೋಣೆಯ ತಗಡಿನ ಶೀಟುಗಳನ್ನೇ ಹಿಡಿಯಿತು. ಕೆಲವು ಹಾರಿ ಪಕ್ಕದ ಹಿತ್ತಲಿಗೆ ಬಿದ್ದವು, ಉಳಿದವು ಪುಟ ಮಗುಚಿದ ಹಾಗೆ ಮೇಲಕ್ಕೆ ಮಡಚಿಕೊಂಡವು. ಅಕ್ಕನನ್ನು ನಮ್ಮ ಮನೆಯ ಮುಂಗೋಣೆಗೆ ತಂದು ಮಲಗಿಸಿದೆವು. ದಿಂಬು, ಔಷಧಿ, ಒಂದು ಸೀರೆ ಇಷ್ಟೇ ತಂದಳು. "ಎರಡು ದಿನಕ್ಕೆ ಯಾಕೆ ಗಂಟುಮೂಟೆ" ಎಂದಳು.

ಅಷ್ಟರಲ್ಲಿ ಅವನು ಅಳತೆ ತೆಗೆದು, ಅಂಗಡಿಯಿಂದ ಟಾರ್ಪಾಲು ಹೊತ್ತು ತಂದಿದ್ದ. ಏಣಿಗೆ ಕಾಲಿಡುವ ಮೊದಲು ಕಂಪನಿಗೆ ಒಂದು ಮಾತು ಹೇಳಿಬಿಡೋಣ ಎಂದು ಫೋನ್ ಮಾಡಿದ. ಬ್ಯಾಂಕಿನ ಸಾಲಕ್ಕೆಂದು ಮಾಡಿಸಿದ ಮನೆ ವಿಮೆ. ಸಾಲ ತೀರಿದ ಮೇಲೂ ಬಿಡದೆ ಕಟ್ಟಿಕೊಂಡು ಬಂದಿದ್ದ. "ಅವರದೂ ನಮ್ಮದೇ ಕಸುಬು ಕಣೋ, ಮುಚ್ಚಿ ಕಾಯೋದು" ಎನ್ನುತ್ತಿದ್ದ. ಫೋನಿನ ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ. ಜೇನಿನಂಥ ದನಿಯ ಹುಡುಗಿ.

"ನಮ್ಮ ಸರ್ವೆಯರ್ ಬಂದು ನೋಡೋವರೆಗೂ ಏನನ್ನೂ ಮುಟ್ಟಬೇಡಿ ಸರ್. ಹೇಗಿದೆಯೋ ಹಾಗೇ ಬಿಡಿ."

ಅವನ ಮುಖ ಅರಳಿತು. "ನೋಡಿದ್ಯಾ ಪುಸ್ತಕ? ಕೆಲಸ ಗೊತ್ತಿರೋ ಜನ."

ಈಗ ಮುಚ್ಚು, ಅವರು ಬಂದಾಗ ತೆಗೆದು ತೋರಿಸಿದರಾಯಿತು ಎಂದೆ.

"ಮುಚ್ಚಿ ಬಿಗಿಯೋಕೆ ಆ ಶೀಟು ತುಳಿದು ನಿಲ್ಲಬೇಕು. ಆಮೇಲೆ ಗಾಳಿ ಬಗ್ಗಿಸಿದ್ದು ಯಾವುದು, ನಾನು ಬಗ್ಗಿಸಿದ್ದು ಯಾವುದು ಅಂತ ಅವನು ಹೆಂಗೆ ಹೇಳ್ತಾನೆ, ಪಾಪ?"

ಆ 'ಪಾಪ'ವನ್ನು ನಾನಿನ್ನೂ ಮರೆತಿಲ್ಲ. ಹುಟ್ಟಿದಾಗಿನಿಂದ ಯಾರ ಮಾತೂ ಕೇಳದ ಮನುಷ್ಯ, ಕಂಡರಿಯದ ಒಂದು ದನಿಯ ಮಾತು ಕೇಳಿದ. ಅದು ತನ್ನದೇ ಮಾತಾಗಿತ್ತು ಎಂಬ ಒಂದೇ ಕಾರಣಕ್ಕೆ. ಟಾರ್ಪಾಲನ್ನು ಮಡಚಿ ಒಳಗಿಟ್ಟ.

ಸರ್ವೆಯರ್ ಬರಲಿಲ್ಲ. ಮಳೆ ಬಂತು. ಇವನು ಫೋನ್ ಮಾಡುವುದು, ಅವರು "ಹಾಗೇ ಇದೆಯಲ್ಲ ಸರ್? ಹಾಗೇ ಇರಲಿ" ಎನ್ನುವುದು. ಗೋಡೆಯ ಗಾರೆ ಉಬ್ಬಿ ಕಳಚಿತು. ಬೀರುವಿನ ಬಾಗಿಲು ನೀರು ಕುಡಿದು ಮುಚ್ಚಲಾರದಂತಾಯಿತು. ಹಾಸಿಗೆ ಕೊಳೆತು ನಾರಿತು. ದಾರಿಯಲ್ಲಿ ಹೋಗುವ ಡ್ರೈವರುಗಳು ಬಿಡುತ್ತಾರೆಯೆ? "ಅಣ್ಣಾ, ಊರಿಗೆಲ್ಲ ಹೊದಿಸ್ತೀಯ, ನಿನ್ನ ಮನೆ ನೋಡಿದ್ರೆ ಬಟ್ಟೆ ಬಿಚ್ಕೊಂಡು ನಿಂತಿದೆ!" ಬೇರೆ ಸಮಯದಲ್ಲಾದರೆ ಕತ್ತರಿ ಎಸೆಯುತ್ತಿದ್ದ. ಆಗ ನಕ್ಕು, "ಡಾಕ್ಟರು ನೋಡೋಕೆ ಬರ್ತಾರೆ ಅಂತ ಬಿಚ್ಚಿಟ್ಟಿದೀವಿ ಕಣ್ರೋ" ಎಂದ.

ಕೊನೆಗೂ ಬಂದ ಸರ್ವೆಯರ್ ಚಿಕ್ಕ ಪ್ರಾಯದವನು, ಮಾತಿನಲ್ಲಿ ಮೆದು. ಅವನ ಚೀಲದ ಪಟ್ಟಿ ಕಿತ್ತುಬಂದಿತ್ತು. ಆತ ಏಣಿ ಹತ್ತಿ ಫೋಟೊ ತೆಗೆಯುವಷ್ಟರಲ್ಲಿ ಟಾರ್ಪಾಲಣ್ಣ ಚೀಲವನ್ನು ಅಂಗಡಿಗೆ ಒಯ್ದು, ಪಟ್ಟಿಗೆ ಜೋಡಿ ಹೊಲಿಗೆ ಹಾಕಿ ತಂದ.

"ನೀವೇ ಹೊಲಿದ್ರಾ? ನಿಮ್ಮ ಕೆಲಸಾನೇ ಇದಾ?"

"ಇದೇನು ಮಹಾ ಸ್ವಾಮಿ. ಇಡೀ ಲಾರಿ ಮುಚ್ತೀನಿ ನಾನು."

ಸರ್ವೆಯರ್ ಪಟ್ಟಿಯನ್ನು ಎಳೆದು ನೋಡಿ, ಮೆಚ್ಚಿ, ಚೀಲ ಹೆಗಲಿಗೇರಿಸಿಕೊಂಡು ಹೋದ.

ವರದಿ ಬಂತು. ಶೀಟು ಹಿಡಿದಿದ್ದ ಬೋಲ್ಟುಗಳು ಸವೆದಿದ್ದವು, ಆದ್ದರಿಂದ ಸೂರಿಗೆ ಅರೆಬರೆ ಪರಿಹಾರ. ಒಳಗಿನ ಗೋಡೆ, ಬೀರು, ಹಾಸಿಗೆ ಯಾವುದಕ್ಕೂ ಏನೂ ಇಲ್ಲ. ಏಕೆಂದರೆ, 'ಮನೆಯ ಮಾಲೀಕರು ಸ್ವತಃ ಟಾರ್ಪಾಲು ತಯಾರಿಸುವ ವೃತ್ತಿಯವರಾಗಿದ್ದು, ಅಗತ್ಯ ಸಾಮಗ್ರಿ ಅವರ ಬಳಿಯೇ ಲಭ್ಯವಿದ್ದರೂ, ಸೂರನ್ನು ಮುಚ್ಚಿ ಮುಂದಿನ ಹಾನಿಯನ್ನು ತಡೆಯುವ ಯಾವ ಕ್ರಮವನ್ನೂ ಕೈಗೊಂಡಿರುವುದಿಲ್ಲ.'

ಓದಿ ಹೇಳಿದವನು ನಾನು. ಅವನು ಮಿಷನ್ ನಿಲ್ಲಿಸಿ, "ಇನ್ನೊಂದು ಸಲ ಓದು" ಎಂದ. ಓದಿದೆ. ಕೂಗಾಡಲಿಲ್ಲ. "ಆ ಚೀಲದ ಪಟ್ಟಿ ಮಾತ್ರ ಜನ್ಮದಲ್ಲಿ ಕೀಳಲ್ಲ" ಎಂದು ಮತ್ತೆ ಪೆಡಲ್ ತುಳಿದ. ನನಗೆ ಆಗಲೇ ಹೆದರಿಕೆಯಾಯಿತು.

ಕೂಗಾಡಿದ್ದು ಕಂಪನಿಯ ಆಫೀಸಿನಲ್ಲಿ. ನಾನೂ ಜೊತೆಗೆ ಹೋಗಿದ್ದೆ. ಗಾಜಿನ ಹಿಂದೆ ಕೂತ ಹೆಂಗಸು ತಲೆಯೆತ್ತದೆ ಕೇಳಿದಳು: "ಮುಟ್ಟಬೇಡಿ ಅಂದ್ರು ಅನ್ನೋದಕ್ಕೆ ನಿಮ್ಮ ಹತ್ರ ಸಾಕ್ಷಿ ಏನಿದೆ?"

"ಸಾಕ್ಷಿ ನಿಮ್ಮ ಹತ್ರಾನೇ ಇದೆಯಲ್ಲ ತಾಯಿ. ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ಹೇಳ್ತೀರಿ, ಈ ಕರೆ ರೆಕಾರ್ಡ್ ಆಗ್ತಿದೆ ಅಂತ."

"ಅದು ಸಿಬ್ಬಂದಿ ತರಬೇತಿಗೆ ಸರ್. ಹೊರಗಿನವರಿಗೆ ಕೊಡೋದಿಲ್ಲ."

"ಓಹೋ! ನಿಮ್ಮ ಸಿಬ್ಬಂದಿಗೆ ತರಬೇತಿ ಕೊಡೋಕೆ ನಮ್ಮಕ್ಕನ ಗೋಡೆ ನೆನೆಸಿದ್ರಾ?"

ಸಾಲಿನಲ್ಲಿ ನಿಂತವರು ನಕ್ಕರು. ಅವಳಿಗೂ ನಗು ಬಂದಿರಬೇಕು, ತುಟಿ ಬಿಗಿ ಹಿಡಿದು, "ನಾಲ್ಕು ಹನಿ ಬೀಳ್ತಿದ್ದ ಹಾಗೆ ಮುಚ್ಚಬಹುದಿತ್ತಲ್ಲ ಸರ್, ಯಾರಿಗಾದ್ರೂ ಹೊಳೆಯುತ್ತೆ" ಎಂದಳು. ಅವನು ಎರಡೂ ಕೈಯಿಂದ ಆ ಗಾಜನ್ನು ಬಡಿದ. ಕಾವಲಿನವನು ಓಡಿಬಂದು ತೋಳು ಹಿಡಿದ. ಟಾರ್ಪಾಲಣ್ಣ ಆ ಕೈಯನ್ನು ನೋಡಿ ಹೇಳಿದ: "ಮುಟ್ಟಬೇಡಪ್ಪ. ಸರ್ವೆಯರ್ ಬಂದು ನೋಡೋವರೆಗೂ ಹೇಗಿದೀನೋ ಹಾಗೇ ಬಿಡು."

ಕಾವಲಿನವನು ಕೈ ಬಿಟ್ಟ. ಆ ಇಡೀ ಆಫೀಸಿನಲ್ಲಿ ಮನುಷ್ಯನೆಂದು ಕಂಡವನು ಅವನೊಬ್ಬನೇ.

ಗಲಾಟೆಯಿಂದ ಬಂದ ಫಲ ಇಷ್ಟು: ಇನ್ನೊಬ್ಬ ಸರ್ವೆಯರನ್ನು ಕಳಿಸುತ್ತೇವೆ, ಯಾವಾಗ ಎಂದು ಹೇಳಲಾಗದು, ಅಲ್ಲಿಯವರೆಗೆ ಯಾವುದನ್ನೂ ಬದಲಾಯಿಸಬೇಡಿ. ಅವನು ಸತ್ತ ಮಾರನೆಯ ದಿನ ಅವನ ಫೋನಿಗೆ ಕಂಪನಿಯ ಸಂದೇಶ ಬಂದಿದೆ. ಸರ್ವೆಯರ್ ಬರುವ ಸುದ್ದಿಯಲ್ಲ. ನಮ್ಮ ಸೇವೆ ನಿಮಗೆ ಹಿಡಿಸಿತೇ, ನಕ್ಷತ್ರ ಒತ್ತಿ ತಿಳಿಸಿ ಎಂದು. ಆ ಫೋನ್ ನನ್ನ ಮೇಜಿನ ಮೇಲಿದೆ. ಎಲ್ಲಿ ಒತ್ತಬೇಕೆಂದು ನನಗೆ ಚೆನ್ನಾಗಿ ಗೊತ್ತಿದೆ, ಆದರೆ ಬರೆಯುವಂಥದ್ದಲ್ಲ.

ಈ ನಡುವೆ ಅಕ್ಕ ಕುಗ್ಗುತ್ತಿದ್ದಳು. ನಮ್ಮ ಮನೆಯಲ್ಲಿ ಗೋಡೆಗಿಂತ ಪುಸ್ತಕ ಹೆಚ್ಚು, ಪುಸ್ತಕಕ್ಕಿಂತ ಧೂಳು ಹೆಚ್ಚು. ಉಬ್ಬಸದವಳಿಗೆ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು. "ತಮ್ಮಾ, ನೀನು ಚೆನ್ನಾಗಿ ನೋಡ್ಕೋತೀಯ, ನಿನ್ನ ಪುಸ್ತಕ ನನ್ನ ಕುತ್ತಿಗೆ ಹಿಸುಕ್ತವೆ" ಎಂದು ನನಗೆ ಹೇಳಿ, ಅವನು ಬಂದಾಗ ಕೈ ಹಿಡಿದುಕೊಂಡು ಕೇಳುತ್ತಿದ್ದಳು: "ನನ್ನ ಬಿಸಿಲಿಗೆ ಕರ್ಕೊಂಡ್ಹೋಗೋ." ಕಳೆದ ವಾರ ಅವನು ಹೇಳಿದ, "ಭಾನುವಾರ ಅಕ್ಕಾ. ಯಾವ ನನ್ಮಗ ಬರಲಿ ಬಿಡಲಿ, ಭಾನುವಾರ ನೀನು ನಿನ್ನ ಮಂಚದ ಮೇಲೆ."

ವಾರವಿಡೀ ಗೋಡೆ ಹೆರೆದ, ಸುಣ್ಣ ಬಳಿದ, ಹೊಸ ಹಾಸಿಗೆ ತಂದ. ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟದೆ ಒಂದು ಟಾರ್ಪಾಲು ಹೊಲಿದ. ಅಂಥದ್ದನ್ನು ನಾನು ಕಂಡಿರಲಿಲ್ಲ. ಮುರಿದ ಶೀಟುಗಳ ಮೇಲೆ ಸರಿಯಾಗಿ ಬರುವ ಹಾಗೆ ಅದರಲ್ಲೊಂದು ಬಾಗಿಲು: ಪಟ್ಟಿ ಬಿಚ್ಚಿ ಎತ್ತಿದರೆ ಇಡೀ ಹಾನಿ ಕಣ್ಣಿಗೆ ಬೀಳುತ್ತದೆ, ಬಿಟ್ಟರೆ ಅಂಚಿಗೆ ಅಂಚು ಕೂತು ಮುಚ್ಚಿಕೊಳ್ಳುತ್ತದೆ. ಆ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ, ಬೀದಿಯಿಂದಲೂ ಕಾಣುವಂತೆ ಬರೆದ: ತೆಗೆದು ನೋಡಿ. ನೋಡಿ ಮುಚ್ಚಿ.

ಭಾನುವಾರ ಅದನ್ನು ಹೊತ್ತು ಹತ್ತಿದ. ಒಂದೊಂದು ಹಗ್ಗ ಎಳೆಯುವಾಗಲೂ ಯಾರನ್ನೋ ಬೈಯುತ್ತಿದ್ದ. ಯಾರನ್ನೆಂದು ಕೇಳುವ ಅಗತ್ಯವಿರಲಿಲ್ಲ. ಇಳಿದು ಬಂದ. ಮುಖ ಬಿಳಿಚಿಕೊಂಡಿತ್ತು. ಸ್ವಲ್ಪ ಸುಧಾರಿಸಿಕೋ ಎಂದೆ.

"ಒಳಗೆ ಕೂತು ಸುಧಾರಿಸ್ಕೋತೀನಿ. ನೀನು ಪೈಪು ಹಿಡ್ಕೊಂಡು ಹತ್ತು. ಅವಳು ಮಲಗೋ ಜಾಗ, ನೋಡದೆ ಕರ್ಕೊಂಡು ಬರೋಕಾಗಲ್ಲ."

ಏಣಿ ಹತ್ತಿ ನೀರು ಬಿಟ್ಟೆ. "ಬಂತಾ?" ಎಂದು ಕೂಗಿದೆ.

"ಇಲ್ಲ! ಅದೇನು ಹೂವಿನ ಗಿಡಕ್ಕೆ ಹಾಕ್ತಿದೀಯಾ? ಜೋರಾಗಿ ಬಿಡೋ ಪುಸ್ತಕ!"

ಜೋರಾಗಿ ಬಿಟ್ಟೆ.

"ಆ ಸಾಹೇಬರ ಬಾಗಿಲಿಗೆ ಹೊಡಿ. ಅಂಚಿಗೆ."

ಅಂಚಿಗೆ ಹೊಡೆದೆ. ನೀರು ಬಿಳಿ ಅಕ್ಷರಗಳ ಮೇಲೆ ಹರಿದು ಹಿತ್ತಲಿಗೆ ಸುರಿಯಿತು. "ಬಂತಾ?"

"ಒಂದು ಹನಿ ಇಲ್ಲ," ಎಂದು ಅವನು ಒಳಗಿನಿಂದ ಕೂಗಿದ. "ಇನ್ನೂ ಹಾಕು."