ಎಡೆ ಹೊಡೆಯದೆ ಬಿಟ್ಟ ಜಾಗ

ಸಿರಸಂಗಿಯಲ್ಲಿ ನಮ್ಮ ಮನೆಯ ಹಿಂದೆಯೇ ಹೊಲ. ಅದರಲ್ಲಿ ಒಂದು ಕಡ್ಡಿ ಕಸ ಕಂಡರೂ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಬೇರೆಯವರ ಹೊಲದ ಕಸಕ್ಕೂ ಬಯ್ಯುತ್ತಿದ್ದ. ಅಂಥವನು ಹೋದ ಮುಂಗಾರಿನಲ್ಲಿ ಹತ್ತಿಯ ನಡುವಿನ ಕಸ ತೆಗೆಯಲು ಎಡೆ ಹೊಡೆಯುವಾಗ ಎತ್ತು ನಿಲ್ಲಿಸಿ, ಕುಂಟೆಯನ್ನು ಮೇಲೆತ್ತಿ ದಾಟಿಸಿದ. ಸಾಲಿನ ನಡುವೆ ಟಿಟ್ಟಿಭ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಮುಂದಿನ ಸಲವೂ ಅಷ್ಟು ಜಾಗ ಬಿಟ್ಟ. ಅಲ್ಲಿ ಕಸ ದಟ್ಟವಾಗಿ ಎದ್ದಿತು.

ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ನಕ್ಕ: “ಕಾಕಾ, ಈ ಸಲ ಕಸಾ ಬಿತ್ತೀರೇನ್ರಿ?”

“ಬಾಣಂತಿ ಮನಿ ಐತಿ ಅದು. ಸಾವಕಾಶ ಮಾತಾಡು,” ಎಂದ ಅಪ್ಪ.

ಮರಿಗಳು ತಾಯಿಯ ಹಿಂದೆ ಓಡಾಡತೊಡಗಿದ ದಿನ, ನಕ್ಕವನನ್ನು ಅಪ್ಪನೇ ಕರೆತಂದ. ಹತ್ತಿ ಹೂ ಬಿಟ್ಟು ನಿಂತಿತ್ತು. ಎದೆಯುಬ್ಬಿಸಿ ಅಪ್ಪ ತೋರಿಸಿದ್ದು ಮಾತ್ರ ಆ ಕಸವನ್ನು.