ಆಮೇಲೆ ಬರೆದ ಪದ

ಆ ಬಾಟಲಿಯ ಚೀಟಿಯ ಮೇಲೆ ‘ನಿರ್ಜಲ’ ಎಂಬ ಪದವನ್ನು ನಾನು ಸೇರಿಸಿದ್ದು ಅಪಘಾತ ಆದ ಮೇಲೆ. ನಿಂಗಮ್ಮ ಓದಿದಾಗ ಅದು ಅಲ್ಲಿರಲಿಲ್ಲ.

ಶಹಾಪುರದ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಿಂಗಮ್ಮ ಪ್ರಯೋಗಾಲಯದ ಆಯಾ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವರು. ಅವರಿಗೆಂದೇ ಬಾಟಲಿಗಳಿಗೆಲ್ಲ ಕನ್ನಡದ ಚೀಟಿ ಅಂಟಿಸಿದ್ದೆ. ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದರು. “ಅಕ್ಕೋರ, ಈ ಹೆಸರು ಅನ್ನೂದ್ರಾಗ ಇದ್ದ ಹಲ್ಲೂ ಬೀಳ್ತಾವ್ ನೋಡ್ರಿ” ಎಂದು ನಗುತ್ತಿದ್ದರು.

ಅಲ್ಯೂಮಿನಿಯಂ ಕ್ಲೋರೈಡಿನ ಬಾಟಲಿಗಳು ಎರಡಿದ್ದವು. ಒಂದರ ಹರಳುಗಳಲ್ಲಿ ನೀರು ಮೊದಲೇ ಸೇರಿರುತ್ತದೆ. ನೀರಿಗೆ ಹಾಕಿದರೆ ಸುಮ್ಮನೆ ಕರಗುತ್ತದೆ. ಇನ್ನೊಂದು ನೀರಿನಂಶವೇ ಇಲ್ಲದ, ನಿರ್ಜಲ ಪುಡಿ — ನೀರು ಬಿದ್ದರೆ ಕುದಿದು ಸಿಡಿಯುತ್ತದೆ, ಆಮ್ಲದ ಹೊಗೆ ಏಳುತ್ತದೆ. ವರ್ಷವರ್ಷವೂ ಇದನ್ನೇ ಪಾಠ ಮಾಡಿದವಳು ನಾನು. ಆದರೂ ಎರಡು ಚೀಟಿಗಳ ಮೇಲೂ ಒಂದೇ ಹೆಸರು ಬರೆದೆ. ಚೀಟಿ ಸಣ್ಣದು, ಜಾಗ ಸಾಲದು ಎಂದು —

ನೀರಿನ ತೊಂದರೆ ಇದ್ದಾಗ ಖಾಲಿ ಬಾಟಲಿಗಳನ್ನು ಒಣಬಟ್ಟೆಯಿಂದ ಒರೆಸಿಡುವುದೇ ರೂಢಿ. ಕಾಲುವೆ ನೀರು ನಮ್ಮ ನಲ್ಲಿಗೆ ಬಂದ ವಾರ ನಾನೇ ಹೇಳಿದೆ: “ಇನ್ನ ಎಲ್ಲಾ ತೊಳದುಬಿಡ್ರಿ.” ತಳದಲ್ಲಿ ಪುಡಿ ಗಟ್ಟಿಯಾಗಿ ಉಳಿದಿದ್ದ ಬಾಟಲಿಯನ್ನು ಹಿಡಿದು, ಚೀಟಿ ಓದಿ, ಅವರು ಕೇಳಿದರು: “ಇದು ನೀರಾಗ ಕರಗೂದು ಹೌದಲ್ರಿ, ಅಕ್ಕೋರ?”

ನಾನು ತಲೆ ಎತ್ತದೆ “ಹ್ಞೂಂ” ಎಂದೆ.

ಚೊಯ್ಯೆಂಬ ಸದ್ದು. ಬಿಳಿ ಹೊಗೆ. ಆಮೇಲೆ ಅವರ ಕೂಗು. ಬಲಗಣ್ಣು ಹೋಯಿತು.

ಅವರನ್ನು ಆಸ್ಪತ್ರೆಗೆ ಒಯ್ದ ಮೇಲೆ ನಾನೊಬ್ಬಳೇ ಉಳಿದೆ. ಅದೇ ಪೆನ್ನು, ಅದೇ ಕೈಬರಹ — ಚೀಟಿಯ ಅಂಚಿನಲ್ಲಿ ಆ ಪದಕ್ಕೆ ಜಾಗ ಸಾಕಾಯಿತು.

ವಿಚಾರಣೆಯಲ್ಲಿ ಪ್ರಾಚಾರ್ಯರು ಬಾಟಲಿಯನ್ನು ಮುಂದಿಟ್ಟರು. ‘ನಿರ್ಜಲ’, ಅಂದರೆ ನೀರು ತಾಕಿಸಬಾರದ್ದು ಎಂದು ಬರೆದೇ ಇದೆಯಲ್ಲ ಎಂದರು. ನಿಂಗಮ್ಮ ಉಳಿದ ಕಣ್ಣಿಗೆ ಹತ್ತಿರ ಹಿಡಿದು ಓದಿದರು. ನನ್ನ ಕಡೆ ನೋಡಿದರು — ಅನುಮಾನದಿಂದಲ್ಲ, ನಾಚಿಕೆಯಿಂದ.

“ಅಕ್ಕೋರು ಬರದಾರ್ರಿ. ನನಗಽ ಓದಾಕ ಬಂದಿಲ್ಲ.”



ಕೆಲಸದಿಂದ ತೆಗೆದ ಕಾಗದಕ್ಕೆ ಸಹಿ ಮಾಡಲು ಗುಮಾಸ್ತ ಪೆನ್ನು ಕೊಟ್ಟ. ಅವರು ಅದನ್ನು ಪಕ್ಕಕ್ಕೆ ಸರಿಸಿ ಹೆಬ್ಬೆಟ್ಟು ಒತ್ತಿದರು. ಆರು ವರ್ಷದಿಂದ ಪ್ರತಿ ತಿಂಗಳು ಹೆಸರು ಬರೆದು ಪಗಾರ ಒಯ್ಯುತ್ತಿದ್ದವರು.

ಈಗ ಅವರು ಹುಣಸಗಿಯಲ್ಲಿ, ಮಗಳ ಮನೆಯಲ್ಲಿದ್ದಾರೆ. ಇದನ್ನೆಲ್ಲ ಎದುರು ಕೂತು ಹೇಳಬೇಕೆಂದುಕೊಂಡಿದ್ದೆ. ಇಲ್ಲ — ಬರೆದು ಅವರ ಕೈಗೇ ಕೊಡುತ್ತೇನೆ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅವರೇ ಓದಲಿ.