ಸುಣ್ಣ ಬಿದ್ದ ಕಣ್ಣಿಗೆ ನೀರು

ದುಬಲಗುಂಡಿಯ ಗಿರಿಜಾಬಾಯಿ ಹುಮನಾಬಾದಿನ ಮನಿಗಳಿಗೆ ಸುಣ್ಣ ಹಚ್ಚಾಕ ಹತ್ತಿ ಮೂವತ್ತು ವರ್ಷ ಆತು. ಆ ಕೆಲಸದಾಗ ಆಕಿನ್ನ ಮೀರಿಸೋರಿಲ್ಲ, ಮಾತಿನ್ಯಾಗಂತೂ ಮೊದಲೇ ಇಲ್ಲ. ಆದ್ರ ಎಡಗಣ್ಣು ಬೆಳ್ಳಗ ಪೊರಿ ಕಟ್ಟಿ ಕುರುಡಾಗೇದ. ಅದರ ಮ್ಯಾಲ ಸದಾ ಸೆರಗು ಎಳಕೊಂಡೇ ಇರ್ತಾಳ. ಹ್ಯಾಂಗ ಹೋತು ಅಂತ ಕೇಳಿದೋರಿಗೆ ಬೈಗಳೇ ಗತಿ.

ಮಗನ ಮದುವಿ ಬಂತಂತ ಯಶೋದಾಬಾಯಿ ತನ್ನ ಮನಿಗೆ ಸುಣ್ಣ ಹಚ್ಚಸಾಕತ್ತಿದ್ಲು. ಗಿರಿಜಾಬಾಯಿ ಜೋಡಿ ಕೆಲಸಕ್ಕ ಬಂದಿದ್ದ ಸೊಸಿ ಮಯೂರಿ ಅವಸರದಾಕಿ. ಸುಣ್ಣದ ಕಲ್ಲಿದ್ದ ಡ್ರಮ್ಮಿಗೆ ಒಮ್ಮೆಲೇ ಒಂದು ಕೊಡ ನೀರು ಸುರುವಿಬಿಟ್ಲು. ಸುಣ್ಣ ಕೊತಕೊತ ಕುದ್ದು ಸಿಡೀತು. ಹುಡುಗಿ ಬಲಗಣ್ಣು ಒತ್ತಿ ಹಿಡಕೊಂಡು ಕುಸಿದು ಕೂತ್ಲು.

"ಅತ್ತಿ, ಉರೀತದ! ಸತ್ತೆ!"

ಗಿರಿಜಾಬಾಯಿ ಓಡಿಬಂದು ಕೊಡ ಎತ್ತಿದ್ಲು. ಯಶೋದಾಬಾಯಿ ಕೈ ಹಿಡಿದ್ಲು.

"ನೀರು ಹಾಕಬ್ಯಾಡ! ಡ್ರಮ್ಮಿನಾಗ ಕುದ್ದದ್ದು ನೋಡಿದಿಲ್ಲೇನು? ಕಣ್ಣಾಗೂ ಹಾಂಗೇ ಕುದೀತದ. ತಡಿ, ತುಪ್ಪ ತರ್ತೀನಿ."

ಕೇಳಿದ್ರ ಖರೇನ ಅನಸ್ತದ, ಅಲ್ರಿ? ಗಿರಿಜಾಬಾಯಿನೂ ಎತ್ತಿದ ಕೊಡ ಒಂದು ಗಳಿಗಿ ತಡದ್ಲು. ಹತ್ತೊಂಬತ್ತರ ವಯಸ್ಸಿನಾಗ ಆಕಿ ಕಣ್ಣಿಗೂ ಸುಣ್ಣ ಬಿದ್ದಿತ್ತು. ಹೆತ್ತವ್ವ ಇದೇ ಮಾತು ಹೇಳಿ, ಅಳಕೋತನ ತುಪ್ಪ ಹಾಕಿ ಬಟ್ಟಿ ಕಟ್ಟಿದ್ಲು. ಈಕಿ ನೀರು, ನೀರು ಅಂತ ಬೇಡಿದ್ದೇ ಬಂತು. ಎರಡು ದಿನ ಬಿಟ್ಟು ಬಿಚ್ಚಿದಾಗ ಆ ಕಣ್ಣಿಗೆ ಬೆಳಕೇ ಇರಲಿಲ್ಲ. ಆವಾಗ್ಲೇ ಧಾರಾಳ ನೀರಿಲೇ ತೊಳ್ದಿದ್ರ ಸುಣ್ಣ ಹರದು ಹೋಗಿ ಕಣ್ಣು ಉಳೀತಿತ್ತು ಅಂತ ಡಾಕ್ಟರು ಅಂದಿದ್ರು.

"ಕೈ ಬಿಡ್ರಿ ಬಾಯಾರ! ನೋಡ್ರಿಲ್ಲೆ, ಈ ನನ್ನ ಕಣ್ಣು ತುಪ್ಪ ತಿಂದು ಕುಂತದ!"

ಸೆರಗು ಸರಿಸಿ ತೋರಿಸಿ, ಸೊಸೀನ ಮಲಗಿಸಿ, ರೆಪ್ಪಿಗೆ ಹತ್ತಿದ ಸುಣ್ಣ ಒದ್ದಿ ಸೆರಗಿಲೇ ಒರಸಿದ್ಲು. ಎರಡು ಬೆರಳಿಲೇ ಕಣ್ಣು ಅಗಲಿಸಿ ನೀರು ಬಿಟ್ಲು. ಹುಡುಗಿ ಒದ್ದಾಡಿದ್ಲು.

"ಕಣ್ಣು ಮುಚ್ಚಬ್ಯಾಡ! ಮುಚ್ಚಿದ್ರ ಕಪಾಳಕ್ಕ ಬಿಡ್ತೀನಿ ನೋಡು!"

ಬೈಯಾಕಿ ತಾನೇ ಗಳಗಳ ಅಳಾಕತ್ತಿದ್ಲು. ಕೊಡ ಖಾಲಿ ಆತು, ಬಕೀಟು ಖಾಲಿ ಆತು. ಕಡೀಗೆ ಯಶೋದಾಬಾಯಿನೇ ಕುಡಿಯೋ ನೀರಿನ ಕ್ಯಾನು ಹೊತ್ತು ತಂದ್ಲು. ಅರ್ಧ ತಾಸು ಸುರುವಿದ್ರು. ಆಟೋದಾಗೂ ಸುರುಕೋತನ ದವಾಖಾನಿ ಮುಟ್ಟಿದ್ರು. ಡಾಕ್ಟರು ರೆಪ್ಪಿ ಮಗುಚಿ, ಒಳಗ ಅಂಟಿದ್ದ ಸುಣ್ಣದ ಹರಳು ತಗದು, ಮತ್ತ ತೊಳದ್ರು. ಉಳೀತದೋ ಇಲ್ಲೋ ಈಗ ಹೇಳಾಕ ಬರಲ್ಲ ಅಂದ್ರು. ನಾಲ್ಕು ದಿನ ಗಿರಿಜಾಬಾಯಿ ಬಾಯಿಗೆ ಅನ್ನ ಸೇರಲಿಲ್ಲ.

ಐದನೇ ದಿನ ಡಾಕ್ಟರು ಮಯೂರಿ ಎಡಗಣ್ಣು ಮುಚ್ಚಿ ಕೇಳಿದ್ರು: "ಏನು ಕಾಣಸ್ತದವ್ವ?"

"ಮಬ್ಬ ಮಬ್ಬ ಅದರಿ... ನಮ್ಮ ಅತ್ತಿ ಕಾಣಾಕತ್ತಾರ್ರಿ. ಒಂದು ಕಣ್ಣು ಬೆಳ್ಳಗ."

ಗಿರಿಜಾಬಾಯಿ ಕೈ ರೂಢಿಲೇ ಜಾರಿದ ಸೆರಗಿಗೆ ಹೋತು. ಎಳಕೊಳ್ಳಲಿಲ್ಲ. ಮುಖ ಇನ್ನಷ್ಟು ಮುಂದ ತಂದ್ಲು.

"ನೋಡವ್ವ, ಛಂದಾಗಿ ನೋಡು," ಅಂದ್ಲು.